ಹಣೆಪಟ್ಟಿ ಇರುವ ನಿಂಬೆ, ಹಣೆಪಟ್ಟಿ ಒರೆಸಿದ ನಿಂಬೆ

ಎರಡು ವರ್ಷ ಹಳೆಯ ಕಾರು, ಓಡಿರುವುದು 24,000 ಮೈಲಿ, ಒಬ್ಬರೇ ಮಾಲೀಕರು, ಅಪಘಾತ ಇಲ್ಲ. ಇಂಥದೇ ಕಾರಿಗೆ ಪಕ್ಕದ ಊರಿನ ಡೀಲರ್ 27,000 ಡಾಲರ್ ಹೇಳುತ್ತಿದ್ದರೆ ಇಲ್ಲಿ 21,500. ಜಾಹೀರಾತನ್ನು ಕೊನೆಯ ತನಕ ಓದಿದರೆ ಸಣ್ಣಕ್ಷರದಲ್ಲಿ ಮೂರು ಪದ ಸಿಗುತ್ತವೆ: ಲೆಮನ್ ಲಾ ಬೈಬ್ಯಾಕ್. ಕೆಲವು ಜಾಹೀರಾತಿನಲ್ಲಿ ಅವೂ ಇರುವುದಿಲ್ಲ. ಆಗಲೇ ಹೆಚ್ಚು ಹೆದರಬೇಕು.

ನಮ್ಮ ಕಡೆ ಹೊಸ ಕಾರಿನ ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುತ್ತೇವೆ. ಅಮೆರಿಕದಲ್ಲಿ ನಿಂಬೆ ಎಂದರೆ ಕಾರೇ: ಎಷ್ಟು ರಿಪೇರಿ ಮಾಡಿದರೂ ಅದೇ ದೋಷ ಮರಳಿ ಬರುವ ಹೊಸ ಕಾರು. ಅಂಥದನ್ನು ತಯಾರಿಸಿದ ಕಂಪನಿಯೇ ವಾಪಸ್ ಕೊಂಡರೆ ಅದು ಲೆಮನ್ ಲಾ ಬೈಬ್ಯಾಕ್, ಆ ಗುರುತೇ ನಾನು ಹೇಳುವ ಹಣೆಪಟ್ಟಿ. ಲಿವರ್‌ಮೋರ್ ದೇವಸ್ಥಾನದ ಮುಂದೆ ವಾಹನ ಪೂಜೆಗೆ ನಿಲ್ಲಿಸುವ ಹೊತ್ತಿಗೆ ದುಡ್ಡು ಕೈಬಿಟ್ಟು ಹೋಗಿರುತ್ತದೆ. ಇಲ್ಲಿ ಹೇಳುತ್ತಿರುವುದು ಅದಕ್ಕೂ ಮೊದಲಿನ ವಾರದಲ್ಲಿ ಮಾಡಬೇಕಾದ ಕೆಲಸ. ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಸುತ್ತ ಮೊದಲ ಕಾರು ಹುಡುಕುವ ಕನ್ನಡಿಗರು ಬಹಳ ಇರುವುದರಿಂದ ಕ್ಯಾಲಿಫೋರ್ನಿಯಾದ ಲೆಕ್ಕವನ್ನೇ ಹಿಡಿದಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹಣೆಪಟ್ಟಿ ಹಚ್ಚಿಕೊಂಡು ನಿಂತ ನಿಂಬೆಗೆ ಬೆಲೆ ಕಟ್ಟಬಹುದು, ಏಕೆಂದರೆ ಅದರ ರೋಗ ಕಾಗದದಲ್ಲಿದೆ. ಹಣೆಪಟ್ಟಿ ಒರೆಸಿಕೊಂಡ, ಅಥವಾ ಹಚ್ಚಿಸಿಕೊಳ್ಳದೇ ನುಣುಚಿಕೊಂಡ ನಿಂಬೆಗೆ ಬೆಲೆ ಕಟ್ಟಲು ಆಗುವುದಿಲ್ಲ. ಮುಂದೆ ಹೇಳುವ ಪರೀಕ್ಷೆಗಳೆಲ್ಲ ಇವೆರಡನ್ನು ಬೇರೆಬೇರೆ ಮಾಡುವುದಕ್ಕೇ.

ಮೊದಲು, ಕಾರು ಕಂಪನಿಗೆ ವಾಪಸ್ ಹೋಗುವುದು ಹೇಗೆ ಅಂತ. ಅಮೆರಿಕದ ಮೊದಲ ಲೆಮನ್ ಕಾನೂನು ಬಂದದ್ದು 1982ರಲ್ಲಿ, ಕನೆಕ್ಟಿಕಟ್‌ನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಬುನಾದಿ 1970ರ ಸಾಂಗ್-ಬೆವರ್ಲಿ ಕಾಯ್ದೆ. ವಾರಂಟಿಯೊಳಗಿನ ದೋಷವನ್ನು ಸಾಕಷ್ಟು ಅವಕಾಶ ಕೊಟ್ಟರೂ ಸರಿಮಾಡಲಾಗದಿದ್ದರೆ ಕಂಪನಿ ಕಾರನ್ನು ವಾಪಸ್ ಕೊಳ್ಳಬೇಕು ಅಥವಾ ಬದಲಿ ಕೊಡಬೇಕು. 'ಸಾಕಷ್ಟು' ಎಂದರೆ ಎಷ್ಟು? ಮೊದಲ 18 ತಿಂಗಳು ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿ. ಬ್ರೇಕ್, ಸ್ಟೇರಿಂಗ್‌ನಂಥ ಪ್ರಾಣಕ್ಕೆ ಕುತ್ತಾಗುವ ದೋಷವಾದರೆ ಎರಡೇ ಸಲ. ಅಥವಾ ಎಲ್ಲ ಸೇರಿ 30 ದಿನಕ್ಕಿಂತ ಹೆಚ್ಚು ಕಾಲ ಗ್ಯಾರೇಜಿನಲ್ಲಿ ನಿಂತಿರುವುದು. ಈ ಗೆರೆ ದಾಟಿದರೆ ಕಾನೂನು ಮಾಲೀಕರ ಕಡೆ ವಾಲುತ್ತದೆ.

ವಾಪಸ್ ಕೊಡುವಾಗ ಕಂಪನಿ ಓಡಿಸಿದ್ದಕ್ಕೆ ಸ್ವಲ್ಪ ಹಿಡಿದುಕೊಳ್ಳುತ್ತದೆ. ದೋಷಕ್ಕೆಂದು ಕಾರನ್ನು ಮೊದಲ ಸಲ ಗ್ಯಾರೇಜಿಗೆ ಬಿಟ್ಟಾಗ ಓಡಿದ್ದ ಮೈಲಿಯನ್ನು 1,20,000ದಿಂದ ಭಾಗಿಸಿ ಬೆಲೆಗೆ ಗುಣಿಸುತ್ತಾರೆ. 36,000 ಡಾಲರ್ ಕಾರು 6,000 ಮೈಲಿಗೆ ಮೊದಲ ಸಲ ಗ್ಯಾರೇಜ್ ಸೇರಿದ್ದರೆ ಕಡಿತ 1,800 ಡಾಲರ್. ಉಳಿದ 34,200 ಕಂಪನಿಯ ಕೈಯಿಂದ ಹೋಗುತ್ತದೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ. 'ಹಿಂದಿನವರಿಗೆ ಸ್ಕ್ರೀನ್ ಇಷ್ಟ ಆಗಲಿಲ್ಲ, ಸುಮ್ಮನೆ ವಾಪಸ್ ಕೊಟ್ಟರು' ಎಂದು ಸೇಲ್ಸ್‌ಮನ್ ಹೇಳಿದರೆ, ಯಾವ ಕಂಪನಿಯೂ ಇಷ್ಟು ದುಡ್ಡನ್ನು ಸುಮ್ಮನೆ ಬಿಡುವುದಿಲ್ಲ.

ಹಾಗೆ ಬಂದ ಕಾರನ್ನು ಮತ್ತೆ ಮಾರುವ ಮುಂಚೆ ಕಂಪನಿ ಮಾಡಲೇಬೇಕಾದ ಕೆಲಸಗಳಿವೆ. ಟೈಟಲನ್ನು, ಅಂದರೆ ಮಾಲೀಕತ್ವದ ಪತ್ರವನ್ನು, ತನ್ನ ಹೆಸರಿಗೆ ಮಾಡಿಸಿ, ರಾಜ್ಯದ ವಾಹನ ಇಲಾಖೆಯಾದ ಡಿಎಂವಿಯಿಂದ ಅದರ ಮೇಲೆ 'ಲೆಮನ್ ಲಾ ಬೈಬ್ಯಾಕ್' ಎಂದು ಶಾಶ್ವತವಾಗಿ ಬರೆಸಬೇಕು. ಚಾಲಕನ ಕಡೆಯ ಮುಂಬಾಗಿಲಿನ ಚೌಕಟ್ಟಿಗೆ ಅದೇ ಮಾತಿನ ಸ್ಟಿಕ್ಕರ್ ಅಂಟಿಸಬೇಕು. ಗೊತ್ತಿದ್ದೂ ಅದನ್ನು ಕೀಳುವುದು ಕಾನೂನುಬಾಹಿರ. ದೋಷವನ್ನು ಸರಿಮಾಡಿರಬೇಕು, ಮತ್ತು ಆ ದೋಷ ಇಲ್ಲವೆಂದು ಹೊಸ ಖರೀದಿದಾರರಿಗೆ ಒಂದು ವರ್ಷದ ಲಿಖಿತ ವಾರಂಟಿ ಕೊಡಬೇಕು. ಕೊನೆಯದಾಗಿ ಒಂದು ನೋಟಿಸ್. ವಿನ್ ನಂಬರ್ (ಕಾರಿನ ಗುರುತು ಸಂಖ್ಯೆ), ಹಿಂದಿನ ಮಾಲೀಕರು ದೂರಿದ ಪ್ರತಿಯೊಂದು ದೋಷ, ಅದಕ್ಕೆ ಮಾಡಿದ ರಿಪೇರಿ, ಎಲ್ಲ ಅದರಲ್ಲಿರಬೇಕು. ಮಾರಾಟಕ್ಕೆ ಮುಂಚೆ ಡೀಲರ್ ಅದನ್ನು ನಿಮ್ಮ ಕೈಗಿತ್ತು ಸಹಿ ಪಡೆಯಬೇಕು.

ಇಡೀ ವ್ಯವಹಾರದಲ್ಲಿ ಅತಿ ಬೆಲೆಬಾಳುವ ಕಾಗದ ಈ ನೋಟಿಸ್. ಮೋಸಗಾರ ಡೀಲರ್ ಇದನ್ನು ಬಚ್ಚಿಡಬೇಕಾಗಿಯೂ ಇಲ್ಲ, ಇಪ್ಪತ್ತು ಕಾಗದದ ನಡುವೆ ಸೇರಿಸಿದರೆ ಸಾಕು. ರಾತ್ರಿ ಒಂಬತ್ತೂವರೆ, ಮಗು ಅಳುತ್ತಿದೆ, ಫೈನಾನ್ಸ್ ಕೋಣೆಯಲ್ಲಿ ಪರದೆಯ ಮೇಲೆ 'ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ' ಎಂದು ಬೆರಳು ತೋರಿಸುತ್ತಾರೆ. ಒಮ್ಮೆ ಸಹಿ ಬಿದ್ದರೆ 'ನಿಮಗೆ ತಿಳಿಸಿದ್ದೆವು' ಎನ್ನಲು ಅವರ ಬಳಿ ದಾಖಲೆ ಇದೆ. ಆದ್ದರಿಂದ ಕಾರು ನೋಡಲು ಹೋಗುವ ಮುಂಚೆಯೇ ಒಂದು ಸಂದೇಶ ಕಳಿಸಿ: 'ಈ ವಿನ್‌ನ ಬೈಬ್ಯಾಕ್ ನೋಟಿಸ್ ಮತ್ತು ಒಂದು ವರ್ಷದ ವಾರಂಟಿ ಪತ್ರದ ಫೋಟೋ ಕಳಿಸಿ.' ಬೈಬ್ಯಾಕ್ ಕಾರುಗಳನ್ನೇ ಮಾರಿಕೊಂಡು ಮರ್ಯಾದೆಯಿಂದ ಬದುಕುವ ಡೀಲರುಗಳಿದ್ದಾರೆ. ಅವರು ಅದೇ ದಿನ ಕಳಿಸುತ್ತಾರೆ. 'ನೀವು ಬನ್ನಿ, ಕೂತು ಮಾತಾಡೋಣ' ಎಂಬ ಉತ್ತರ ಬಂದರೆ ಪೆಟ್ರೋಲ್ ಉಳಿಸಿಕೊಳ್ಳಿ.

ಹಣೆಪಟ್ಟಿ ತಪ್ಪಿಹೋಗುವ ದಾರಿಗಳು ಮೂರು.

ಒಂದನೆಯದರಲ್ಲಿ ಯಾರ ಕಾನೂನುಭಂಗವೂ ಇಲ್ಲ, ಆದರೂ ನನಗೆ ಹೆಚ್ಚು ಭಯ ಅದರದ್ದೇ. ಮಾಲೀಕರು ವಕೀಲರನ್ನು ಹಿಡಿದು ದಾವೆ ಹೂಡುತ್ತಾರೆ. ಕಂಪನಿ ಕಾರು ವಾಪಸ್ ಪಡೆಯದೆ ಒಂದಿಷ್ಟು ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳುತ್ತದೆ. ಕಾರು ಮಾಲೀಕರ ಬಳಿಯೇ ಉಳಿಯಿತು, ಹಾಗಾಗಿ ಅದು ಬೈಬ್ಯಾಕ್ ಅಲ್ಲ, ಟೈಟಲ್ ಮೇಲೆ ಗುರುತೂ ಬೀಳದು. ಮುಂದಿನ ತಿಂಗಳು ಅವರು ಅದನ್ನು ಬೇರೆ ಡೀಲರ್ ಬಳಿ ಎಕ್ಸ್‌ಚೇಂಜಿಗೆ ಬಿಡುತ್ತಾರೆ. ಟೈಟಲ್ ಸ್ವಚ್ಛ, ರಿಪೋರ್ಟ್ ಸ್ವಚ್ಛ, ದೋಷ ಮಾತ್ರ ಹಾಗೇ ಇದೆ. ಕಡಿಮೆ ಬೆಲೆಯೂ ಇಲ್ಲ.

ಎರಡನೆಯದು 'ಗುಡ್‌ವಿಲ್'. ವಾಪಸ್ ಪಡೆಯುವುದಕ್ಕೆ ದೋಷ ಕಾರಣವಲ್ಲ, ಗ್ರಾಹಕರ ಸಮಾಧಾನಕ್ಕಾಗಿ ಎಂದು ಕಾಗದ ಹುಟ್ಟಿಸುವುದು, ಅಥವಾ ಹೊಸ ಕಾರಿಗೆ ರಿಯಾಯಿತಿ ಪತ್ರ ಕೊಟ್ಟು ಹಳೆಯದನ್ನು ಎಕ್ಸ್‌ಚೇಂಜ್ ಎಂದು ತೋರಿಸುವುದು. 2005ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಮುಂದೆ ಬಂದ ಜಾನ್ಸನ್ ವಿರುದ್ಧ ಫೋರ್ಡ್ ಪ್ರಕರಣದಲ್ಲಿ ನಡೆದದ್ದು ಇದೇ ಬಗೆಯದ್ದು. ಪದೇಪದೇ ರಿಪೇರಿಗೆ ಹೋಗಿದ್ದ 1997ರ ಟಾರಸ್ ಕಾರೊಂದು ಇಂಥ ಪತ್ರದ ದಾರಿಯಲ್ಲಿ ವಾಪಸ್ ಬಂದು, ಹಣೆಪಟ್ಟಿ ಇಲ್ಲದೆ ಮತ್ತೊಂದು ಕುಟುಂಬಕ್ಕೆ ಮಾರಾಟವಾಗಿತ್ತು. ಜ್ಯೂರಿ ಪರಿಹಾರದ ಜೊತೆಗೆ 1 ಕೋಟಿ ಡಾಲರ್ ದಂಡ ಹಾಕಿತ್ತು. ಮೇಲ್ಮನವಿಗಳ ಏಣಿ ಹತ್ತಿ ಇಳಿದು ಕೊನೆಗೆ ಆ ದಂಡ 1,75,000ಕ್ಕೆ ಬಂತು.

ಮೂರನೆಯದು ಟೈಟಲ್ ತೊಳೆಯುವುದು. ಪ್ರತಿ ರಾಜ್ಯದ ಡಿಎಂವಿಯೂ ಬೇರೆಬೇರೆ ಗುರುತುಗಳನ್ನು ಬಳಸುತ್ತದೆ. ಒಂದು ರಾಜ್ಯದ ಗುರುತು ಇನ್ನೊಂದರ ಹೊಸ ಟೈಟಲ್ ಮೇಲೆ ಹಾಗೇ ಬರುತ್ತದೆ ಎಂಬ ಖಾತರಿ ಇಲ್ಲ. ಹರಾಜಿನಲ್ಲಿ ಕೊಂಡ ಕಾರನ್ನು ಇನ್ನೊಂದು ರಾಜ್ಯದಲ್ಲಿ ನೋಂದಾಯಿಸಿ, ಹೊಸ ಟೈಟಲ್ ಹಿಡಿದು ಮರಳಿ ತರುತ್ತಾರೆ. ಒಂದೇ ವರ್ಷದಲ್ಲಿ ಮೂರು ರಾಜ್ಯ ಸುತ್ತಿದ, 15,000 ಮೈಲಿಯೂ ಓಡದ ಕಾರು ಕಂಡರೆ ಅದು ಪ್ರವಾಸಕ್ಕೆ ಹೋಗಿದ್ದಲ್ಲ.

ಈಗ ಪರೀಕ್ಷೆಗೆ ಬರೋಣ. ವಿನ್ ಎಂದರೆ 17 ಅಕ್ಷರ-ಅಂಕಿ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಬರುವುದಿಲ್ಲ, ಹತ್ತನೆಯದು ಮಾದರಿ ವರ್ಷ. ಮುಂಗಾಜಿನ ಕೆಳಮೂಲೆ, ಬಾಗಿಲ ಚೌಕಟ್ಟು, ಟೈಟಲ್ ಮೂರರಲ್ಲೂ ಒಂದೇ ಇರಬೇಕು. ಬಾಗಿಲು ತೆರೆದಾಗ ಚೌಕಟ್ಟಿನ ಮೇಲೆ ಬೆರಳಾಡಿಸಿ. ಟೈರ್ ಒತ್ತಡದ ಪಟ್ಟಿ, ವಿನ್ ಪಟ್ಟಿ ಬಿಟ್ಟು ಇನ್ನೊಂದು ಆಯತಾಕಾರದ ಅಂಟು ಕೈಗೆ ತಾಗಿದರೆ, ಅಥವಾ ಅಷ್ಟು ಜಾಗ ಮಾತ್ರ ಥಿನ್ನರ್ ಹಾಕಿ ಉಜ್ಜಿದಂತೆ ಹೊಳೆಯುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಕಾರಣ ಕೇಳಿ.

ಆಮೇಲೆ ಎನ್‌ಎಂವಿಟಿಐಎಸ್ ರಿಪೋರ್ಟ್. ಇದು 1992ರ ಕಾರು ಕಳ್ಳತನ ತಡೆ ಕಾಯ್ದೆಯಿಂದ ಹುಟ್ಟಿ, ನ್ಯಾಯ ಇಲಾಖೆಯ ಅಡಿ ನಡೆಯುವ ದೇಶದ ಟೈಟಲ್ ದಾಖಲೆ. ಕೆಲವೇ ಡಾಲರಿಗೆ ಸಿಗುತ್ತದೆ. ರಾಜ್ಯಗಳು ಹಾಕಿದ ಗುರುತು, ಸಾಲ್ವೇಜ್ (ಪೂರ್ತಿ ಹಾಳಾದ ಕಾರು ಎಂಬ ಗುರುತು), ಓಡೋಮೀಟರ್ ಅದರಲ್ಲಿವೆ. ರಿಪೇರಿ ಚರಿತ್ರೆ ಇಲ್ಲ. ಖಾಸಗಿ ರಿಪೋರ್ಟುಗಳಾದ ಕಾರ್‌ಫ್ಯಾಕ್ಸ್, ಆಟೋಚೆಕ್‌ನಲ್ಲಿ ಸರ್ವಿಸ್ ವಿವರ ಸ್ವಲ್ಪ ಸಿಗುತ್ತದೆ, ಆದರೆ ಅವರಿಗೆ ಯಾರಾದರೂ ತಿಳಿಸಿದ್ದಷ್ಟೇ. ಎರಡನ್ನೂ ತೆಗೆಸಿ, ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ಓದಿ. ಮಾಲೀಕರ ಹೆಸರು ಕಾರು ತಯಾರಿಸಿದ ಕಂಪನಿಗೆ ಬದಲಾಗಿ, ಕೆಲವು ವಾರದಲ್ಲಿ ಹರಾಜಿಗೆ ಹೋಗಿದ್ದರೆ ಅದು ಬೈಬ್ಯಾಕಿನ ಹೆಜ್ಜೆಗುರುತು, ಗುರುತು ಬಿದ್ದಿರಲಿ ಬಿಡಲಿ. ಲೀಸ್ ಮುಗಿದ ಕಾರೂ ಹೀಗೆಯೇ ಕಾಣಬಹುದು. ಆದರೆ ಲೀಸ್ ಸಾಮಾನ್ಯವಾಗಿ ಎರಡು-ಮೂರು ವರ್ಷ ತುಂಬಿ ಮುಗಿಯುತ್ತದೆ, ಹದಿನಾಲ್ಕು ತಿಂಗಳಿಗಲ್ಲ.

ರಾಜಿಯಲ್ಲಿ ಮುಗಿದ ಕಾರುಗಳನ್ನು ಹಿಡಿಯಲು ಉಳಿದಿರುವ ದಾರಿ ವಾರಂಟಿ ಚರಿತ್ರೆ ಒಂದೇ. ಆ ಬ್ರ್ಯಾಂಡಿನ ಅಧಿಕೃತ ಸರ್ವಿಸ್ ಸೆಂಟರಿಗೆ ವಿನ್ ಹಿಡಿದು ಹೋಗಿ, ವಾರಂಟಿಯಲ್ಲಿ ಏನೇನು ಆಗಿದೆ ಎಂದು ಕೇಳಿ. ಕೆಲವರು ಮುದ್ರಿಸಿ ಕೊಡುತ್ತಾರೆ, ಕೆಲವರು ಬಾಯಲ್ಲಿ ಹೇಳುತ್ತಾರೆ, ಕೆಲವರು ಕೊಡುವುದೇ ಇಲ್ಲ. ಆಗ ಮಾರುವ ಡೀಲರೇ ತರಿಸಿಕೊಡಲಿ. ಸಿಕ್ಕ ರಿಪೇರಿ ಕಾಗದಗಳಲ್ಲಿ ಮೂರು ಸಾಲು ಇರುತ್ತವೆ: ಗ್ರಾಹಕರ ದೂರು, ಕಂಡ ಕಾರಣ, ಮಾಡಿದ ಕೆಲಸ. ಕಾರಣದ ಜಾಗದಲ್ಲಿ 'ದೋಷ ಕಾಣಿಸಲಿಲ್ಲ', 'ಮರುಕಳಿಸಲಿಲ್ಲ', 'ವಿನ್ಯಾಸದಂತೆಯೇ ಕೆಲಸ ಮಾಡುತ್ತಿದೆ' ಎಂದು ಮೂರು-ನಾಲ್ಕು ಸಲ ಬರೆದಿದ್ದರೆ ಅದು ದೋಷವಿಲ್ಲದ ಕಾರಲ್ಲ, ದೋಷ ಸಿಗದ ಕಾರು. ಭಾಗ ಬದಲಾಯಿಸಿದ ದಾಖಲೆಗಿಂತ ಇದು ಕೆಟ್ಟದ್ದು. ಕಾರು ಒಳಗೆ ಬಂದ ದಿನ, ಹೊರಗೆ ಹೋದ ದಿನವನ್ನೂ ಕೂಡಿಸಿ ನೋಡಿ. 30ರ ಹತ್ತಿರ ಬಂದರೆ ಅರ್ಥ ಗೊತ್ತೇ ಇದೆ.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದನ್ನು ಕೊಂಡವರಲ್ಲಿ ಹೆಚ್ಚಿನವರು 'ಕೋಡ್ ಇಲ್ಲ' ಎಂದು ಕಂಡ ತಕ್ಷಣ ಸಮಾಧಾನಪಟ್ಟುಕೊಳ್ಳುತ್ತಾರೆ. ಸುಮಾರು 25-30 ಡಾಲರಿನ ಬ್ಲೂಟೂತ್ ಸ್ಕ್ಯಾನರ್ ಸಾಕು, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ಫೋನಿನಲ್ಲಿ ನೋಡಬಹುದು. ಕೋಡ್ ಅಳಿಸುವುದು ಒಂದು ಗುಂಡಿ ಒತ್ತುವ ಕೆಲಸ; ಗ್ರಾಹಕರು ಬರುವ ಅರ್ಧ ಗಂಟೆ ಮುಂಚೆ ಅಳಿಸಿದರೆ ಎಂಜಿನ್ ದೀಪ ಆರಿರುತ್ತದೆ. ಆದರೆ ಅಳಿಸಿದ ಗುರುತು ಉಳಿಯುತ್ತದೆ. ಕೋಡ್ ಅಳಿಸಿದ ಕೂಡಲೇ ಎಂಜಿನ್ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳು, ರೆಡಿನೆಸ್ ಮಾನಿಟರ್ ಅನ್ನುತ್ತಾರಲ್ಲ, 'ಪೂರ್ಣಗೊಂಡಿಲ್ಲ' ಎಂಬ ಸ್ಥಿತಿಗೆ ಹೋಗುತ್ತವೆ. ಮತ್ತೆ ಪೂರ್ಣವಾಗಲು ಕೆಲವು ದಿನದ ಬಗೆಬಗೆಯ ಓಡಾಟ ಬೇಕು. ಪೆಟ್ರೋಲ್ ಆವಿ ಸೋರಿಕೆಯ ಪರೀಕ್ಷೆಯಂತೂ ಎಂಜಿನ್ ರಾತ್ರಿಯಿಡೀ ತಣ್ಣಗಾಗಿ, ಟ್ಯಾಂಕ್ ತೀರಾ ಖಾಲಿಯೂ ತೀರಾ ಭರ್ತಿಯೂ ಅಲ್ಲದೆ ಇದ್ದರೆ ಮಾತ್ರ ನಡೆಯುತ್ತದೆ. ಇನ್ನೊಂದು ಅಂಕಿ, 'ಕೋಡ್ ಅಳಿಸಿದ ಮೇಲೆ ಓಡಿದ ದೂರ'. ಅಲ್ಲಿ 9 ಮೈಲಿ ಎಂದಿದ್ದರೆ ಡೀಲರ್ ಬಾಯಿ ಬಿಡದಿದ್ದರೂ ಕಾರು ಬಿಟ್ಟಿದೆ. 2010ರ ನಂತರದ ಮಾದರಿಗಳಲ್ಲಿ 'ಪರ್ಮನೆಂಟ್ ಕೋಡ್' ಎಂಬುದೂ ಇದೆ: ಸ್ಕ್ಯಾನರಿನಿಂದ ಅಳಿಸಲಾಗದು, ದೋಷ ಹೋಗಿದೆ ಎಂದು ಕಂಪ್ಯೂಟರ್ ತಾನೇ ಖಚಿತಪಡಿಸಿಕೊಂಡ ಮೇಲಷ್ಟೇ ಹೋಗುತ್ತದೆ. ಬ್ಯಾಟರಿ ತಂತಿ ಬಿಚ್ಚಿ ಹಾಕಿದರೂ ಅದು ಜಗ್ಗದು.

ಈ ಸಣ್ಣ ಸ್ಕ್ಯಾನರ್ ಹೇಳುವುದು ಹೊಗೆಗೆ ಸಂಬಂಧಿಸಿದ ವಿಷಯ ಮಾತ್ರ. ಗೇರ್‌ಬಾಕ್ಸ್, ಏರ್‌ಬ್ಯಾಗ್, ಎಬಿಎಸ್, ಬಾಡಿ ಮಾಡ್ಯೂಲ್‌ಗಳಿಗೆ ಮೆಕ್ಯಾನಿಕ್‌ನ ದೊಡ್ಡ ಸ್ಕ್ಯಾನರ್ ಬೇಕು. ಡೀಲರಿಗೆ ಸಂಬಂಧವಿಲ್ಲದ, ಆ ಬ್ರ್ಯಾಂಡ್ ಬಲ್ಲ ಗ್ಯಾರೇಜಿಗೆ ಒಯ್ದು ಪರೀಕ್ಷೆ ಮಾಡಿಸಿ. ಖರ್ಚು ನೂರೈವತ್ತರಿಂದ ಮುನ್ನೂರು ಡಾಲರ್ ಆದೀತು. ಹೊರಗೆ ಒಯ್ಯಲು ಬಿಡುವುದಿಲ್ಲ, 'ಇನ್ಶೂರೆನ್ಸ್ ಒಪ್ಪಲ್ಲ' ಎಂದರೆ ಮೆಕ್ಯಾನಿಕನ್ನೇ ಅಲ್ಲಿಗೆ ಕರೆಸುವುದಾಗಿ ಹೇಳಿ. ಅದಕ್ಕೂ ಬೇಡ ಎಂದರೆ ಮಾತು ಮುಗಿಯಿತು.

ನೋಟಿಸಿನಲ್ಲಿ ಬರೆದ ದೋಷ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಭಾಗ ಇಡಿಯಾಗಿ ಬದಲಾಗುವ ದೋಷ ಒಳ್ಳೆಯದು. ಜಿಎಂ ಕಂಪನಿಯ ವಿದ್ಯುತ್ ಕಾರು ಷೆವಿ ಬೋಲ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಬೆಂಕಿಯ ಭಯದಿಂದ 2021ರಲ್ಲಿ 2017ರಿಂದ 2022ರವರೆಗಿನ ಮಾದರಿಗಳೆಲ್ಲ ರೀಕಾಲ್ ಆದವು, ಬಹಳಷ್ಟನ್ನು ಜಿಎಂ ವಾಪಸ್ ಕೊಂಡಿತು. ಹೊಸ ಬ್ಯಾಟರಿ ಪ್ಯಾಕ್, ಅದಕ್ಕೆ 8 ವರ್ಷ ಅಥವಾ 1,00,000 ಮೈಲಿಯ ಹೊಸ ವಾರಂಟಿ ಹೊತ್ತು ಮಾರುಕಟ್ಟೆಗೆ ಬಂದವು ಹಣೆಪಟ್ಟಿಯಿದ್ದರೂ ಕೊಳ್ಳುವಂಥ ಕಾರುಗಳೇ. ಪ್ಯಾಕ್ ನಿಜವಾಗಿ ಬದಲಾಗಿದೆಯೋ, ಬರೀ ಸಾಫ್ಟ್‌ವೇರ್ ಹಾಕಿ ಬಿಟ್ಟಿದ್ದಾರೋ ಎಂಬುದನ್ನು ವಿನ್ ಮೂಲಕ ಷೆವಿ ಸರ್ವಿಸ್ ಸೆಂಟರಿನಲ್ಲಿ ಖಚಿತಪಡಿಸಿಕೊಳ್ಳಬೇಕು, ಅಷ್ಟೇ.

ವಿನ್ಯಾಸದಲ್ಲೇ ಇರುವ ದೋಷ ಇದಕ್ಕೆ ತದ್ವಿರುದ್ಧ. ಫೋರ್ಡ್ ಫಿಯೆಸ್ಟಾ ಮತ್ತು 2012ರಿಂದ 2016ರ ಫೋಕಸ್‌ನ ಒಣ ಕ್ಲಚ್ಚಿನ ಪವರ್‌ಶಿಫ್ಟ್ ಗೇರ್‌ಬಾಕ್ಸ್ ನೋಡಿ: ನಿಧಾನಕ್ಕೆ ಹೊರಡುವಾಗ ನಡುಕ, ಕ್ಲಚ್ ಬದಲಾಯಿಸಿದರೆ ಕೆಲವು ತಿಂಗಳು ನೆಮ್ಮದಿ, ಮತ್ತೆ ನಡುಕ. ಕಂಪನಿ ಕ್ಲಚ್ಚಿಗೆ 7 ವರ್ಷ ಅಥವಾ 1,00,000 ಮೈಲಿ, ನಿಯಂತ್ರಣ ಮಾಡ್ಯೂಲಿಗೆ 10 ವರ್ಷ ಅಥವಾ 1,50,000 ಮೈಲಿ ವಾರಂಟಿ ವಿಸ್ತರಿಸಿತು. ಹೊಸ ಭಾಗವೂ ಅದೇ ವಿನ್ಯಾಸದ್ದಾದರೆ ಬದಲಾಯಿಸಿ ಉಪಯೋಗವೇನು?

ಎಲ್ಲಕ್ಕಿಂತ ಕೆಟ್ಟದ್ದು ಬಂದು ಹೋಗುವ ವಿದ್ಯುತ್ ದೋಷ ಮತ್ತು ನೀರು ಸೋರಿಕೆ. ಸನ್‌ರೂಫ್ ಕೊಳವೆಯಿಂದ ಇಳಿದ ನೀರು ಕಾರ್ಪೆಟ್ ಅಡಿಯ ಕನೆಕ್ಟರುಗಳನ್ನು ತಿನ್ನುತ್ತದೆ. ಸೋರಿಕೆ ಮುಚ್ಚಿದರೂ ತುಕ್ಕು ನಿಲ್ಲದು. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಕೂರುವ ಗುಂಡಿಯನ್ನು ನೋಡಿ, ಚಾಲಕನ ಪಕ್ಕದ ಸೀಟಿನ ಕಾರ್ಪೆಟ್ ಅಡಿ ಕೈ ತೂರಿಸಿ ಸ್ಪಂಜು ಹಿಚುಕಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ತುದಿಯ ಬಣ್ಣ ನೋಡಿ. ಏಸಿ ವಾಸನೆ ಮರೆಸಲು ಸುಗಂಧದ ಮರ ನೇತುಹಾಕಿದ್ದರೆ ಅದನ್ನು ತೆಗೆಸಿ. ಬಾನೆಟ್ ಕೆಳಗಿನ 12 ವೋಲ್ಟ್ ಬ್ಯಾಟರಿಯ ಮೇಲಿನ ತಾರೀಖನ್ನೂ ಓದಿ. ಒಂದೂವರೆ ವರ್ಷದ ಕಾರಿನಲ್ಲಿ ಎರಡು ತಿಂಗಳ ಬ್ಯಾಟರಿ ಯಾಕೆ? ಕಾರು ಬೀಗ ಹಾಕಿ ಅರ್ಧ-ಮುಕ್ಕಾಲು ಗಂಟೆ ಬಿಟ್ಟರೆ ಎಲ್ಲ ಮಾಡ್ಯೂಲ್‌ಗಳೂ ಮಲಗಿ, ಬ್ಯಾಟರಿಯಿಂದ ಹರಿಯುವ ಕರೆಂಟ್ ಸಾಮಾನ್ಯವಾಗಿ 50 ಮಿಲಿ ಆಂಪಿಯರಿಗಿಂತ ಕೆಳಗಿಳಿಯಬೇಕು. ಯಾವುದೋ ಒಂದು ಮಲಗದೆ ಎಚ್ಚರವಿದ್ದರೆ ಬ್ಯಾಟರಿ ದಿನದಿನ ಸಾಯುತ್ತದೆ. ಇದನ್ನು ಅಳೆಯಲು ಮೆಕ್ಯಾನಿಕ್‌ಗೆ ಪ್ರತ್ಯೇಕವಾಗಿ ಹೇಳಬೇಕು, ಸಾಮಾನ್ಯ ಪರೀಕ್ಷೆಯಲ್ಲಿ ಇದು ಸೇರಿರುವುದಿಲ್ಲ.

ಓಡಿಸಿ ನೋಡುವುದಾದರೆ ತಣ್ಣನೆಯ ಎಂಜಿನ್ನಿನಿಂದ ಶುರು ಮಾಡಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಯಾರೋ ನಿಮಗಾಗಿ ಮುಂಚೆಯೇ ಬಿಸಿ ಮಾಡಿದ್ದಾರೆ. ನೋಟಿಸಿನ ದೋಷ ಹೈವೇಯದ್ದಾದರೆ ಹೈವೇಯಲ್ಲೇ ನಲವತ್ತು ನಿಮಿಷ ಓಡಿಸಬೇಕು. ಡೀಲರ್ ತೋರಿಸುವ ಐದು ನಿಮಿಷದ ಬಲಕ್ಕೆ-ಬಲಕ್ಕೆ-ಬಲಕ್ಕೆ ಸುತ್ತು ಯಾವ ದೋಷವನ್ನೂ ತೋರಿಸದಂತೆ ಆರಿಸಿದ ದಾರಿ.

ಬೆಲೆ ಮಾತಾಡುವಾಗ ಹೋಲಿಕೆ ಬೇರೆ ಬ್ರ್ಯಾಂಡೆಡ್ ಟೈಟಲ್ (ಟೈಟಲ್ ಮೇಲೆ ಇಂಥ ಗುರುತು ಬಿದ್ದ) ಕಾರುಗಳ ಜೊತೆ ಇರಲಿ. ಕ್ಲೀನ್ ಟೈಟಲ್ ಬೆಲೆಗೆ 'ಎರಡು ಸಾವಿರ ಬಿಟ್ಟಿದ್ದೇವೆ' ಎನ್ನುವುದು ರಿಯಾಯಿತಿಯೇ ಅಲ್ಲ, ಏಕೆಂದರೆ ನೀವು ಮಾರುವ ದಿನವೂ ಹಣೆಪಟ್ಟಿ ಹಾಗೇ ಇರುತ್ತದೆ. ಕೆಲವು ಬ್ಯಾಂಕುಗಳು ಇಂಥ ಟೈಟಲಿಗೆ ಸಾಲ ಕೊಡುವುದಿಲ್ಲ. ಕಾರು ಪೂರ್ತಿ ಹಾಳಾದರೆ ಇನ್ಶೂರೆನ್ಸ್ ಹಣೆಪಟ್ಟಿಯ ಬೆಲೆಯನ್ನೇ ಲೆಕ್ಕ ಹಾಕೀತು, ಸಾಲ ಮಾತ್ರ ಪೂರ್ತಿ ಉಳಿದೀತು. ಉಳಿದ ಫ್ಯಾಕ್ಟರಿ ವಾರಂಟಿ ಎಷ್ಟು, ಅದು ಶುರುವಾದ ದಿನ ಯಾವುದು ಎಂದು ಡೀಲರನ್ನಲ್ಲ, ಕಂಪನಿಯ ಗ್ರಾಹಕ ಸೇವೆಯನ್ನು ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ. ಡೀಲರ್ ಮಾರುವ ಎಕ್ಸ್‌ಟೆಂಡೆಡ್ ವಾರಂಟಿಯಲ್ಲಿ 'ಬ್ರ್ಯಾಂಡೆಡ್ ಟೈಟಲಿಗೆ ಅನ್ವಯಿಸದು' ಎಂಬ ಸಾಲಿದೆಯೇ ಎಂದು ಹುಡುಕಿ. ಇದ್ದರೂ ಮಾರುವವರಿದ್ದಾರೆ.

ಫೈನಾನ್ಸ್ ಕೋಣೆಯ ಆಟ ನಿಂಬೆಗೂ ಒಂದೇ, ಮಾವಿಗೂ ಒಂದೇ. ಮಾಸಿಕ ಕಂತಿನಲ್ಲೇ ಮಾತು ತೇಲಿಸಿ ಒಟ್ಟು ಬೆಲೆ ಮರೆಸುತ್ತಾರೆ. ಟೈರಿಗೆ ನೈಟ್ರೋಜನ್, ಗಾಜಿಗೆ ವಿನ್ ಕೆತ್ತನೆ, ಬಣ್ಣಕ್ಕೆ ಲೇಪನ ಎಂದು ಸಾವಿರ ಸಾವಿರ ಸೇರಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಡಾಕ್ಯುಮೆಂಟ್ ಶುಲ್ಕಕ್ಕೆ 85 ಡಾಲರಿನ ಮಿತಿ ಇದೆ. ಬ್ಯಾಂಕ್ ಹೇಳಿದ ಬಡ್ಡಿಯ ಮೇಲೆ ಡೀಲರ್ ತನ್ನ ಪಾಲು ಹಾಕಬಹುದು: 60 ತಿಂಗಳವರೆಗಿನ ಸಾಲಕ್ಕೆ ಶೇ. 2.5, ಅದಕ್ಕೂ ದೀರ್ಘವಾದರೆ ಶೇ. 2ರವರೆಗೆ. ಕ್ರೆಡಿಟ್ ಯೂನಿಯನ್ನಿನಿಂದ (ಸದಸ್ಯರ ಸಹಕಾರಿ ಬ್ಯಾಂಕ್) ಮುಂಚೆಯೇ ಸಾಲ ಮಂಜೂರು ಮಾಡಿಸಿಕೊಂಡು ಹೋದರೆ ಈ ಪಾಲು ತಾನಾಗಿ ಕರಗುತ್ತದೆ. ಆ ಸಂಸ್ಥೆಗೆ ಟೈಟಲ್ ಬ್ರ್ಯಾಂಡ್ ಆಗಿದೆ ಎಂದು ಮೊದಲೇ ಹೇಳಿ. ಹೊಸದಾಗಿ ಬಂದು ಕ್ರೆಡಿಟ್ ಚರಿತ್ರೆ ಇಲ್ಲದವರಿಗೆ ಇನ್ನೊಂದು ಬಲೆ: ಕಾರು ಕೊಟ್ಟು ಕಳಿಸಿ, ವಾರದ ಮೇಲೆ 'ಸಾಲ ಪಾಸಾಗಲಿಲ್ಲ, ಹೊಸ ಕಾಗದಕ್ಕೆ ಸಹಿ ಹಾಕಿ' ಎಂದು ಹೆಚ್ಚಿನ ಬಡ್ಡಿಗೆ ಎಳೆಯುವುದು. ಒಪ್ಪಂದದಲ್ಲಿ ಡೀಲರ್ ರದ್ದು ಮಾಡಲು ಸಾಮಾನ್ಯವಾಗಿ 10 ದಿನ ಇರುತ್ತದೆ. ಆಗ ಕಾರು ಹಿಂತಿರುಗಿಸಿ ಕೊಟ್ಟ ಮುಂಗಡವನ್ನು, ಎಕ್ಸ್‌ಚೇಂಜಿಗೆ ಬಿಟ್ಟ ಕಾರನ್ನು ವಾಪಸ್ ಕೇಳಬಹುದು. ಹೊಸ ಷರತ್ತಿಗೆ ಒಪ್ಪಲೇಬೇಕೆಂದೇನಿಲ್ಲ.

'ಸರ್ಟಿಫೈಡ್' ಪದಕ್ಕೂ ಬೆಲೆ ಇದೆ. ಲೆಮನ್ ಬೈಬ್ಯಾಕ್ ಎಂದು ಗೊತ್ತಿದ್ದ, ಗೊತ್ತಿರಬೇಕಿದ್ದ ಕಾರನ್ನು ಸರ್ಟಿಫೈಡ್ ಎಂದು ಮಾರುವುದನ್ನು ಕ್ಯಾಲಿಫೋರ್ನಿಯಾ ಕಾನೂನು ನಿಷೇಧಿಸಿದೆ. ಎರಡು ಪದವೂ ಒಂದೇ ಜಾಹೀರಾತಿನಲ್ಲಿ ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಭಾಷೆಯ ಮಾತೊಂದು. ಸ್ಪ್ಯಾನಿಷ್, ಚೈನೀಸ್, ಟಗಾಲೊಗ್, ವಿಯೆಟ್ನಾಮೀಸ್, ಕೊರಿಯನ್: ಈ ಐದರಲ್ಲಿ ವ್ಯವಹಾರ ಕುದುರಿಸಿದರೆ ಆ ಭಾಷೆಯಲ್ಲೇ ಒಪ್ಪಂದದ ಅನುವಾದ ಕೊಡಬೇಕೆಂದು ಕ್ಯಾಲಿಫೋರ್ನಿಯಾ ಕಾನೂನಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ, ಹಿಂದಿಯೂ ಇಲ್ಲ. 'ನಾನೂ ನಿಮ್ಮೂರಿನವನೇ ಸಾರ್, ಮೈಸೂರು' ಎಂದು ಕನ್ನಡದಲ್ಲಿ ಹೇಳಿದ ಮಾತೆಲ್ಲ ಗಾಳಿಗೆ. ನಿಮ್ಮನ್ನು ಕಟ್ಟಿಹಾಕುವುದು ಇಂಗ್ಲಿಷಿನ ಕಾಗದ. ಅವರು ಕನ್ನಡದಲ್ಲಿ ಕೊಟ್ಟ ಭರವಸೆಯನ್ನು ಅದೇ ಕ್ಷಣ ಇಂಗ್ಲಿಷಿನಲ್ಲಿ ಮೆಸೇಜ್ ಮಾಡಿ 'ಹೀಗೇ ಅಲ್ಲವೇ?' ಎಂದು ಕೇಳಿ, 'ಹೌದು' ಅನ್ನಿಸಿಕೊಳ್ಳಿ.

ಕೊಂಡ ಮೇಲೆ ಮನಸ್ಸು ಬದಲಾದರೆ ಮೂರು ದಿನದಲ್ಲಿ ಹಿಂತಿರುಗಿಸಬಹುದು ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಬಹಳ ಕಾಲ ಅದು ಸುಳ್ಳೇ ಆಗಿತ್ತು. 2006ರಿಂದ ಇದ್ದದ್ದು, 40,000 ಡಾಲರಿಗಿಂತ ಕಡಿಮೆಯ ಸೆಕೆಂಡ್ ಹ್ಯಾಂಡ್ ಕಾರಿಗೆ ದುಡ್ಡು ಕೊಟ್ಟು ಕೊಳ್ಳಬೇಕಾದ ಎರಡು ದಿನದ ರದ್ದತಿ ಆಯ್ಕೆ. 2025ರಲ್ಲಿ ಅಂಗೀಕಾರವಾದ ಕ್ಯಾಲಿಫೋರ್ನಿಯಾ ಕಾರ್ಸ್ ಕಾಯ್ದೆ 50,000 ಡಾಲರಿನೊಳಗಿನ ಸೆಕೆಂಡ್ ಹ್ಯಾಂಡ್ ಕಾರಿಗೆ ಮೂರು ದಿನದ ಹಕ್ಕು ಕೊಡುತ್ತದೆ. ಜಾರಿ ದಿನ 2026ರ ಅಕ್ಟೋಬರ್ 1. ಅದಕ್ಕೂ ಶುಲ್ಕ, ಓಡಿಸಿದ ಮೈಲಿಯ ಮಿತಿ ಇವೆ.

'ಮತ್ತೆ ಕೆಟ್ಟರೆ ನಾನೂ ಲೆಮನ್ ಕೇಸ್ ಹಾಕುತ್ತೇನೆ' ಎಂಬುದು ಇನ್ನೊಂದು ನಂಬಿಕೆ. 2024ರ ಅಕ್ಟೋಬರ್ 31ರಂದು ರೊಡ್ರಿಗೆಜ್ ವಿರುದ್ಧ ಎಫ್‌ಸಿಎ (ಫಿಯೆಟ್ ಕ್ರೈಸ್ಲರ್ ಕಾರು ಕಂಪನಿ) ತೀರ್ಪಿನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಈ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಹಳೆಯ ಫ್ಯಾಕ್ಟರಿ ವಾರಂಟಿ ಇನ್ನೂ ಉಳಿದಿದೆ ಎಂಬ ಮಾತ್ರಕ್ಕೆ ಸೆಕೆಂಡ್ ಹ್ಯಾಂಡ್ ಕಾರು 'ಹೊಸ ಕಾರು' ಆಗುವುದಿಲ್ಲ. ಹೊಸ ಕಾರಿನ ವಾರಂಟಿಯನ್ನು ಆ ಮಾರಾಟದ ಜೊತೆಗೇ ಕೊಟ್ಟಿರಬೇಕು. ಹೀಗಾಗಿ ಬೈಬ್ಯಾಕ್ ಜೊತೆ ಬರುವ ಒಂದು ವರ್ಷದ ದೋಷ ವಾರಂಟಿಯ ಪತ್ರ ನಿಮ್ಮ ಕೈಯಲ್ಲಿರಲೇಬೇಕು. ಅದರಲ್ಲಿ ದೋಷದ ವಿವರಣೆ ಎಷ್ಟು ವಿಶಾಲವೋ ರಕ್ಷಣೆಯೂ ಅಷ್ಟೇ. 'ವಿದ್ಯುತ್ ವ್ಯವಸ್ಥೆ' ಎಂದಿದ್ದರೆ ಒಳ್ಳೆಯದು, 'ಎಡ ಹಿಂಬಾಗಿಲ ಸ್ವಿಚ್' ಎಂದಿದ್ದರೆ ಬಲಬಾಗಿಲು ಕೆಟ್ಟಾಗ ನೀವು ಒಂಟಿ. ಕಿಟಕಿಗೆ ಅಂಟಿಸುವ ಬೈಯರ್ಸ್ ಗೈಡ್‌ನಲ್ಲಿ 'ಆ್ಯಸ್ ಈಸ್' (ಇದ್ದ ಹಾಗೆ, ಡೀಲರ್ ವಾರಂಟಿ ಇಲ್ಲ) ಪೆಟ್ಟಿಗೆಗೆ ಗುರುತು ಹಾಕಿದ್ದರೂ ಕಂಪನಿ ಕೊಡಬೇಕಾದ ಈ ವಾರಂಟಿ ಅಳಿಯದು. ಗೈಡನ್ನು ಕೇಳಿ ಪಡೆದು ಇಟ್ಟುಕೊಳ್ಳಿ, ಅದು ಒಪ್ಪಂದದ ಭಾಗ.

ಹಣೆಪಟ್ಟಿ ಮುಚ್ಚಿಟ್ಟು ಮಾರಿದ್ದು ಆಮೇಲೆ ಗೊತ್ತಾದರೆ ಕಾರನ್ನು ರಿಪೇರಿ ಮಾಡಿಸುವ, ಮಾರಿಬಿಡುವ ಅವಸರ ಬೇಡ, ಅದೇ ಸಾಕ್ಷಿ. ಜಾಹೀರಾತಿನ ಚಿತ್ರ, ಮೆಸೇಜುಗಳು, ಒಪ್ಪಂದ, ಬಾಗಿಲ ಚೌಕಟ್ಟಿನ ಫೋಟೋ, ಎನ್‌ಎಂವಿಟಿಐಎಸ್ ರಿಪೋರ್ಟ್ ಒಂದೆಡೆ ಸೇರಿಸಿ. ಡಿಎಂವಿಯ ತನಿಖಾ ವಿಭಾಗಕ್ಕೆ ದೂರು ಕೊಡಿ. ಡೀಲರ್ ಲೈಸೆನ್ಸ್ ಅವರ ಕೈಯಲ್ಲಿದೆ. ಡೀಲರ್ ಭದ್ರತೆಗೆಂದು ಇಡಬೇಕಾದ 50,000 ಡಾಲರ್ ಬಾಂಡ್ ಯಾವ ಕಂಪನಿಯದ್ದು ಎಂದೂ ಅಲ್ಲೇ ವಿಚಾರಿಸಿ. ಗ್ರಾಹಕ ಪರಿಹಾರ ಕಾಯ್ದೆಯಡಿ ನಷ್ಟ ಕೇಳುವ ಮುಂಚೆ ಡೀಲರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಲಿಖಿತ ಬೇಡಿಕೆ ಕಳಿಸಿ 30 ದಿನ ಕಾಯಬೇಕು. ದಾವೆಗೆ ಮೂರು ವರ್ಷದ ಗಡುವು. ಸಾಲದ ಒಪ್ಪಂದದಲ್ಲಿ ದಪ್ಪಕ್ಷರದ ಹೋಲ್ಡರ್ ನೋಟಿಸ್ ಇದ್ದರೆ, ಡೀಲರ್ ಮೇಲಿನ ತಕರಾರನ್ನು ಸಾಲ ಕೊಂಡುಕೊಂಡ ಬ್ಯಾಂಕಿನ ಮೇಲೂ ಹೂಡಬಹುದು. ಬಾಗಿಲು ಮುಚ್ಚಿ ಓಡಿಹೋದ ಡೀಲರಿನ ವಿಷಯದಲ್ಲಿ ಇದು ಬಹಳ ಉಪಯೋಗ. ಆದರೆ ಕಂತು ಕಟ್ಟುವುದನ್ನು ವಕೀಲರ ಮಾತಿಲ್ಲದೆ ನಿಲ್ಲಿಸಬೇಡಿ. ನಷ್ಟ 12,500 ಡಾಲರಿನೊಳಗಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ವಕೀಲರಿಲ್ಲದೆಯೇ ಹೋಗಬಹುದು. ಅಲ್ಲಿ ನ್ಯಾಯಾಧೀಶರಿಗೆ ಕೊಡಲು ಎಲ್ಲ ಕಾಗದಗಳ ಎರಡು ಪ್ರತಿ ಹೆಚ್ಚಿಗೆ ಮಾಡಿಸಿ, ತಾರೀಖಿನ ಕ್ರಮದಲ್ಲಿ ಜೋಡಿಸಿ, ಮೊದಲ ಪುಟದಲ್ಲಿ ಆ ಜಾಹೀರಾತನ್ನೇ ಇಡಿ.